ಹೆಡ್ವಿಗ್‌ಗೆ ಬೇಕಾಗಿದ್ದ ಹಜಾರ: ಒಂದು ರಾಕ್ ನಾಟಕದ ಪ್ರಕರಣ ಅಧ್ಯಯನ

ರಂಗದ ಹಿಂಬದಿಯಲ್ಲಿ ಹೊರಗೆ ತೆರೆಯುವ ಒಂದು ಬಾಗಿಲಿದೆ. ಹಾಡುಗಳ ನಡುವೆ ಹೆಡ್ವಿಗ್ ಅದನ್ನು ತೆರೆದಾಗಲೆಲ್ಲ ದೂರದ ಕ್ರೀಡಾಂಗಣದ ಗದ್ದಲ ಒಳಗೆ ನುಗ್ಗುತ್ತದೆ. ಸಾವಿರಾರು ಜನರ ಕೂಗಿನ ಮೇಲೆ ಟಾಮಿ ನೋಸಿಸ್ ಎಂಬ ರಾಕ್ ತಾರೆಯ ದನಿ ತೇಲಿ ಬರುತ್ತದೆ. ಅವನು ಹಾಡುತ್ತಿರುವುದು ಹೆಡ್ವಿಗ್ ಕಟ್ಟಿದ ಹಾಡುಗಳನ್ನು. ಕದ್ದು ತನ್ನವೆಂದು ಹೇಳಿಕೊಂಡಿದ್ದಾನೆ. ಅಲ್ಲಿ ಕ್ರೀಡಾಂಗಣ ತುಂಬಿ ತುಳುಕುತ್ತಿದೆ. ಇಲ್ಲಿ ಹಳೆಯ ಹೋಟೆಲೊಂದರ ಹಜಾರದಲ್ಲಿ ಮುನ್ನೂರು ಜನವೂ ಇಲ್ಲ. ಆಕೆ ಒಂದು ಗಳಿಗೆ ಕಿವಿಗೊಡುತ್ತಾಳೆ, ಒಂದು ಕೊಂಕು ಮಾತು ಎಸೆಯುತ್ತಾಳೆ, ಬಾಗಿಲು ದೂಡುತ್ತಾಳೆ. ಗದ್ದಲ ಕತ್ತರಿಸಿದಂತೆ ನಿಲ್ಲುತ್ತದೆ.

ಈ ಬಾಗಿಲಿಗೆ ತಗಲುವ ಖರ್ಚು ಎಷ್ಟು? ಒಂದು ಸ್ಪೀಕರ್, ಮೊದಲೇ ಮುದ್ರಿಸಿಟ್ಟ ಒಂದಿಷ್ಟು ಸದ್ದು, ತಕ್ಕ ಕ್ಷಣಕ್ಕೆ ಗುಂಡಿ ಒತ್ತಬಲ್ಲ ಒಬ್ಬ ಮನುಷ್ಯ. ಆದರೆ ನಾಟಕದ ಇಡೀ ನೋವು ಆ ಒಂದು ಕದದ ಮೇಲೆ ತೂಗುತ್ತದೆ. ‘ಹೆಡ್ವಿಗ್ ಅಂಡ್ ದಿ ಆಂಗ್ರಿ ಇಂಚ್’ ಎಂಬ ಈ ಅಮೆರಿಕನ್ ರಾಕ್ ನಾಟಕದ ಬಗ್ಗೆ ಮಾತಾಡುವವರು ಸಾಮಾನ್ಯವಾಗಿ ವಿಗ್ಗಿನ ಬಗ್ಗೆ, ಹಾಡುಗಳ ಬಗ್ಗೆ, ಹೆಣ್ಣುವೇಷ ತೊಟ್ಟ ನಟನ ಧೈರ್ಯದ ಬಗ್ಗೆ ಮಾತಾಡುತ್ತಾರೆ. ನಾನು ಈ ಪ್ರಕರಣವನ್ನು ನೋಡುವುದು ಬಾಗಿಲಿನ ಕಡೆಯಿಂದ. ಹೆಣ್ಣುವೇಷದ ಕಲಾವಿದನನ್ನು ನಡುವೆ ನಿಲ್ಲಿಸಿ ರಾಕ್ ನಾಟಕ ಕಟ್ಟುವವರಿಗೆ ಎದುರಾಗುವ ಮೊದಲ ಪ್ರಶ್ನೆ ನಟ ಯಾರು ಎಂಬುದೆಂದು ನಾವು ಅಂದುಕೊಂಡಿರುತ್ತೇವೆ. ಈ ನಾಟಕ ಕಟ್ಟಿದವರು ಬಿಡಿಸಿದ ಮೊದಲ ಗಂಟು ಅದಲ್ಲ. ಅವಳು ಎಲ್ಲಿ ನಿಂತು ಹಾಡುತ್ತಿದ್ದಾಳೆ, ಎದುರಿಗೆ ಕೂತವರು ಅವಳಿಗೆ ಯಾರು ಎಂಬುದನ್ನು ಇವರು ಮೊದಲು ಬಗೆಹರಿಸಿಕೊಂಡರು.

ಕಥೆ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ಬರ್ಲಿನ್ ಗೋಡೆ ಎದ್ದ ವರ್ಷವೇ ಪೂರ್ವ ಬರ್ಲಿನ್‌ನಲ್ಲಿ ಹುಟ್ಟಿದ ಹುಡುಗ ಹಾನ್ಸೆಲ್. ಅಪ್ಪ ಅಮೆರಿಕದ ಸೈನಿಕ, ಬಿಟ್ಟುಹೋದವನು. ಮನೆ ಎಷ್ಟು ಇಕ್ಕಟ್ಟೆಂದರೆ ಹುಡುಗ ಒಲೆಯ ಗೂಡಿನೊಳಗೆ ತಲೆ ತೂರಿಸಿಕೊಂಡು ಅಮೆರಿಕನ್ ಸೇನಾ ರೇಡಿಯೊದ ಹಾಡು ಕೇಳಬೇಕು. ಮುಂದೆ ಲೂಥರ್ ಎಂಬ ಅಮೆರಿಕನ್ ಸಾರ್ಜೆಂಟ್ ಅವನನ್ನು ಮೆಚ್ಚುತ್ತಾನೆ. ಮದುವೆಯಾಗಿ ಗೋಡೆ ದಾಟಬೇಕಾದರೆ ಹಾನ್ಸೆಲ್ ಹೆಣ್ಣಾಗಬೇಕು. ಅಮ್ಮ ತನ್ನ ಹೆಸರನ್ನೂ ಪಾಸ್‌ಪೋರ್ಟನ್ನೂ ಕೊಡುತ್ತಾಳೆ, ಶಸ್ತ್ರಚಿಕಿತ್ಸೆ ಕೆಡುತ್ತದೆ, ಉಳಿದದ್ದು ಶೀರ್ಷಿಕೆಯಲ್ಲಿರುವ ಆ ಒಂದು ಇಂಚು. ಕ್ಯಾನ್ಸಸ್‌ನ ಜಂಕ್ಷನ್ ಸಿಟಿಯ ಟ್ರೇಲರ್ ಮನೆಯೊಂದರಲ್ಲಿ ಗಂಡ ಅವಳನ್ನು ಬಿಟ್ಟು ನಡೆಯುತ್ತಾನೆ. ಅದೇ ದಿನ ಟಿವಿಯಲ್ಲಿ ಗೋಡೆ ಬೀಳುತ್ತಿರುತ್ತದೆ. ಯಾವ ಗೋಡೆ ದಾಟಲೆಂದು ದೇಹವನ್ನು ಕತ್ತಿಗೆ ಒಡ್ಡಿದಳೋ ಆ ಗೋಡೆ ತಾನಾಗಿಯೇ ಬಿತ್ತು. ಆಮೇಲೆ ಟಾಮಿ ಎಂಬ ಹುಡುಗ, ಪ್ರೀತಿ, ಹಾಡು, ಕಳವು. ಈಗ ಹೆಡ್ವಿಗ್ ತನ್ನ ಸಣ್ಣ ವಾದ್ಯತಂಡ ಕಟ್ಟಿಕೊಂಡು, ಟಾಮಿಯ ದೊಡ್ಡ ಕಛೇರಿ ಎಲ್ಲೆಲ್ಲಿ ನಡೆಯುತ್ತದೋ ಅಲ್ಲೇ ಪಕ್ಕದಲ್ಲೊಂದು ಸಣ್ಣ ಜಾಗ ಹಿಡಿದು ಹಾಡುತ್ತಾಳೆ.

ಪ್ರೇಕ್ಷಕ ಟಿಕೆಟ್ ಕೊಂಡು ಒಳಗೆ ಬಂದು ಕೂತದ್ದು ಆ ಸಣ್ಣ ಜಾಗದಲ್ಲಿ.

ಕ್ಲಬ್ಬಿನ ಕಟ್ಟಳೆ

ಕಥೆ ಮತ್ತು ಮಾತು ಬರೆದವರು ಜಾನ್ ಕ್ಯಾಮರೂನ್ ಮಿಚೆಲ್. ಸಂಗೀತ ಮತ್ತು ಹಾಡಿನ ಸಾಹಿತ್ಯ ಸ್ಟೀಫನ್ ಟ್ರಾಸ್ಕ್ ಅವರದು. ಮಿಚೆಲ್ ಅಷ್ಟು ಹೊತ್ತಿಗಾಗಲೇ ಬ್ರಾಡ್ವೇಯ, ಅಂದರೆ ನ್ಯೂಯಾರ್ಕಿನ ದೊಡ್ಡ ವೃತ್ತಿರಂಗಭೂಮಿಯ, ನಟ. 1985ರಲ್ಲಿ ‘ಬಿಗ್ ರಿವರ್’, 1991ರಲ್ಲಿ ‘ದಿ ಸೀಕ್ರೆಟ್ ಗಾರ್ಡನ್’ ಆಡಿದ್ದವರು. ಸಂಗೀತ ನಾಟಕದ ಗಾಯನ ಅವರಿಗೆ ನೀರು ಕುಡಿದಂತೆ. ಗೊತ್ತಿಲ್ಲದಿದ್ದದ್ದು ಎರಡು: ರಾಕ್ ವಾದ್ಯತಂಡದ ಮುಂದೆ ನಿಂತು ಹಾಡುವುದು, ಹೆಣ್ಣುವೇಷ ಕಟ್ಟುವುದು. ನಾಟಕಕ್ಕೆ ಬೇಕಾಗಿದ್ದದ್ದು ಆ ಎರಡೇ!

ಟ್ರಾಸ್ಕ್ ಆಗ ನ್ಯೂಯಾರ್ಕಿನ ‘ಸ್ಕ್ವೀಜ್‌ಬಾಕ್ಸ್’ ಎಂಬ ರಾತ್ರಿಕೂಟದ ವಾದ್ಯತಂಡವನ್ನು ನಡೆಸುತ್ತಿದ್ದರು. ಡಾನ್ ಹಿಲ್ಸ್ ಎಂಬ ಕ್ಲಬ್ಬಿನಲ್ಲಿ ನಡೆಯುತ್ತಿದ್ದ ಈ ಕೂಟ ಪಂಕ್ ಎಂಬ ಒರಟು ರಾಕ್ ಸಂಗೀತಕ್ಕೂ ಡ್ರ್ಯಾಗ್ ಎಂಬ ಹೆಣ್ಣುವೇಷದ ಕಲೆಗೂ ಗಂಟು ಹಾಕಿತ್ತು. ಬೇರೆ ಕಡೆ ಡ್ರ್ಯಾಗ್ ಕಲಾವಿದರು ಧ್ವನಿಮುದ್ರಿಕೆಗೆ ತುಟಿ ಆಡಿಸುವುದು ವಾಡಿಕೆ. ಇಲ್ಲಿ ಹಾಗಿಲ್ಲ. ಬೆನ್ನ ಹಿಂದೆ ಡ್ರಮ್ಸ್, ಗಿಟಾರ್. ಬಾಯಿ ಬಿಟ್ಟು ಹಾಡಲೇಬೇಕು.

ಇದು ಸಣ್ಣ ಕಟ್ಟಳೆಯಂತೆ ಕಾಣುತ್ತದೆ. ಆದರೆ ತುಟಿ ಆಡಿಸುವ ಕಲಾವಿದನ ಬಂಡವಾಳ ಮುಖ, ಕೈ, ನಡಿಗೆ, ಹುಬ್ಬು; ದನಿ ಮಾತ್ರ ಬೇರೊಬ್ಬರದು. ತಾನೇ ಹಾಡಬೇಕಾಗಿ ಬಂದಾಗ ಬಣ್ಣದಡಿಯಿಂದ ಅವನ ಸ್ವಂತ ಗಂಟಲು ಹೊರಗೆ ಬರುತ್ತದೆ. ವೇಷ ಒಂದು ಹೇಳುತ್ತದೆ, ಕಂಠ ಇನ್ನೊಂದು ಹೇಳುತ್ತದೆ, ಎರಡೂ ಒಂದೇ ಮೈಯಲ್ಲಿ ಜಗಳವಾಡುತ್ತವೆ. ಹೆಡ್ವಿಗ್ ಎಂಬ ಪಾತ್ರದ ಹೂರಣವೇ ಈ ಜಗಳ. ಅದು ಬರವಣಿಗೆಯ ಮೇಜಿನ ಮೇಲೆ ಹುಟ್ಟಿದ್ದಕ್ಕಿಂತ ಹೆಚ್ಚಾಗಿ ಕ್ಲಬ್ಬಿನ ಕಟ್ಟಳೆಯಿಂದ ಹುಟ್ಟಿದ್ದು ಎಂದು ನನಗೆ ಅನ್ನಿಸುತ್ತದೆ.

ಇಲ್ಲೊಂದು ಪಕ್ಕದ ಮಾತು. ಕನ್ನಡದವರಿಗೆ ಗಂಡಸು ಸೀರೆ ಉಟ್ಟು ರಂಗಕ್ಕೆ ಬರುವುದು ಹೊಸದಲ್ಲ. ಯಕ್ಷಗಾನದ ಸ್ತ್ರೀವೇಷ ಇವತ್ತಿಗೂ ಇದೆ. ಕಂಪನಿ ನಾಟಕಗಳಲ್ಲೂ ಹೆಣ್ಣಿನ ಪಾತ್ರಗಳನ್ನು ಬಹುಕಾಲ ಗಂಡಸರೇ ಮಾಡುತ್ತಿದ್ದರು. ಆದರೆ ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವಾಗ ಹುಷಾರಾಗಿರಬೇಕು. ನಮ್ಮ ಸ್ತ್ರೀವೇಷಧಾರಿ ಗೆದ್ದನೆಂದರೆ ಅವನು ಗಂಡಸೆಂಬುದು ಪ್ರೇಕ್ಷಕನಿಗೆ ಮರೆತುಹೋಗಿರಬೇಕು. ಬೆಳಗಿನ ಜಾವ ಚೌಕಿಯಲ್ಲಿ ಬಣ್ಣ ತೆಗೆದು ಬೀಡಿ ಹಚ್ಚುವವನನ್ನು ನೋಡಿ ‘ದಮಯಂತಿ ಇವನೇ?’ ಎಂದು ಬೆರಗಾಗಬೇಕು. ಡ್ರ್ಯಾಗ್ ಕಲೆಯ ಹಾದಿ ಬೇರೆ. ಅಲ್ಲಿ ಮರೆಯಲು ಬಿಡುವುದೇ ಇಲ್ಲ. ಮಸ್ಕಾರ ಅತಿ, ಹಿಮ್ಮಡಿ ಅತಿ, ಕೂದಲು ಅತಿ. ಆ ಅತಿಯೇ ಅದರ ಭಾಷೆ. ಇದನ್ನು ತಿಳಿಯದೆ ಹೆಡ್ವಿಗ್ ಪಾತ್ರವನ್ನು ‘ಸಹಜವಾಗಿ’ ಆಡಲು ಹೊರಟರೆ ಅದು ಬರೀ ಕರುಣಾಜನಕ ಕಥೆಯಾಗಿ ಕುಸಿಯುತ್ತದೆ.

ಮೊದಲು ಮಿಚೆಲ್ ತಲೆಯಲ್ಲಿದ್ದ ನಾಯಕ ಟಾಮಿ. ಸೇನಾಧಿಕಾರಿಯ ಮಗ, ಸ್ವತಃ ಮಿಚೆಲ್ ಅವರ ನೆರಳು. ಅವರ ತಂದೆ ಅಮೆರಿಕ ಸೇನೆಯ ಜನರಲ್ ಆಗಿ ಪಶ್ಚಿಮ ಬರ್ಲಿನ್‌ನ ಅಮೆರಿಕನ್ ವಲಯದ ಹೊಣೆ ಹೊತ್ತಿದ್ದವರು. ಪಕ್ಕದಲ್ಲಿ ಒಂದು ಸಣ್ಣ ಪಾತ್ರ, ಜರ್ಮನ್ ಹೆಂಗಸು. ಬಾಲ್ಯದಲ್ಲಿ ಜಂಕ್ಷನ್ ಸಿಟಿಯಲ್ಲಿ ಮಿಚೆಲ್ ಮನೆಗೆ ಮಕ್ಕಳನ್ನು ನೋಡಿಕೊಳ್ಳಲು ಬರುತ್ತಿದ್ದ, ಸೈನಿಕನ ಕೈಹಿಡಿದು ಬಂದು ವಿಚ್ಛೇದನವಾಗಿ ಉಳಿದಿದ್ದ ಒಬ್ಬಾಕೆಯ ನೆನಪು ಅದು. ಅವಳನ್ನು ಮುಂದಕ್ಕೆ ತರಲು ಹುರಿದುಂಬಿಸಿದವರು ಟ್ರಾಸ್ಕ್. 1994ರಲ್ಲಿ ಮಿಚೆಲ್ ಸ್ಕ್ವೀಜ್‌ಬಾಕ್ಸ್‌ನಲ್ಲಿ ಹೆಡ್ವಿಗ್ ಆಗಿ ಮೊದಲ ಬಾರಿ ನಿಂತಾಗ ಹಾಡಿದ್ದರಲ್ಲಿ ಹೆಚ್ಚಿನವು ಬೇರೆಯವರ ಹಾಡುಗಳು, ಸಾಹಿತ್ಯ ಅಲ್ಲಲ್ಲಿ ತಿದ್ದಿದವು. ಸ್ವಂತ ಹಾಡುಗಳು ಒಂದೊಂದಾಗಿ ಆಮೇಲೆ ಸೇರಿಕೊಂಡವು. ಕುಡಿದು ನಿಂತ ಜನರ ಎದುರು ಕಥೆ ಹೇಳಿ ಒಪ್ಪಿಸುವುದಕ್ಕಿಂತ ಕಠಿಣವಾದ ತಾಲೀಮು ಯಾವ ರಂಗಶಾಲೆಯಲ್ಲೂ ಸಿಗದು. ಯಾವ ಮಾತು ಗದ್ದಲದಲ್ಲಿ ಮುಳುಗುತ್ತದೆ, ಯಾವುದಕ್ಕೆ ಕ್ಲಬ್ಬು ಒಮ್ಮೆಗೇ ಸುಮ್ಮನಾಗುತ್ತದೆ ಎಂಬುದು ಅಲ್ಲಿ ಒಂದೇ ರಾತ್ರಿಯಲ್ಲಿ ಗೊತ್ತಾಗುತ್ತದೆ.

ನದಿ ದಂಡೆಯ ಹಜಾರ

1997ರಲ್ಲಿ ವೆಸ್ಟ್‌ಬೆತ್ ರಂಗಕೇಂದ್ರದಲ್ಲಿ ಪ್ರಯೋಗಗಳಾದವು. ಮರುವರ್ಷ, 1998ರ ಫೆಬ್ರವರಿ 14ರಂದು, ಜೇನ್ ಸ್ಟ್ರೀಟ್ ಥಿಯೇಟರಿನಲ್ಲಿ ನಾಟಕ ತೆರೆಯಿತು. ನಿರ್ದೇಶನ ಪೀಟರ್ ಆಸ್ಕಿನ್ ಅವರದು.

ಥಿಯೇಟರು ಎಂದರೆ ಏನು? ಹಡ್ಸನ್ ನದಿಯ ದಂಡೆಯ ಹೋಟೆಲ್ ರಿವರ್‌ವ್ಯೂ ಎಂಬ ಸೊರಗಿದ ಹೋಟೆಲಿನ ಬಾಲ್‌ರೂಮು. 1908ರಲ್ಲಿ ನಾವಿಕರ ವಸತಿಗೃಹವಾಗಿ ಎದ್ದ ಕಟ್ಟಡ ಅದು. ವಿನ್ಯಾಸ ಮಾಡಿದ ವಿಲಿಯಂ ಬೋರಿಂಗ್ ಎಲ್ಲಿಸ್ ದ್ವೀಪದ ವಲಸೆ ಕಟ್ಟಡದ ವಾಸ್ತುಶಿಲ್ಪಿಗಳಲ್ಲೂ ಒಬ್ಬರು. 1912ರಲ್ಲಿ ಟೈಟಾನಿಕ್ ಮುಳುಗಿದಾಗ ಬದುಕುಳಿದ ಹಡಗಿನ ಸಿಬ್ಬಂದಿಯನ್ನು ಇಲ್ಲೇ ಇಳಿಸಿದ್ದರು. ಸಮುದ್ರ ದಾಟಿ ಬಂದು, ಎಲ್ಲ ಕಳೆದುಕೊಂಡು, ಕಂಬಳಿ ಹೊದ್ದು ಕೂತವರ ಹಜಾರ. ಹೆಡ್ವಿಗ್ ಕೂಡ ಅದೇ ಜಾತಿಯವಳು. ಟೈಟಾನಿಕ್ ಮಾತನ್ನು ಅವಳು ರಂಗದ ಮೇಲೆ ಎತ್ತಿ ಹಾಸ್ಯ ಮಾಡುತ್ತಿದ್ದಳು. ನದಿಯಾಚೆ ನ್ಯೂಜೆರ್ಸಿಯ ಕ್ರೀಡಾಂಗಣದಲ್ಲಿ ಟಾಮಿಯ ಕಛೇರಿ. ಬಾಗಿಲು ತೆರೆದರೆ ಅದು ಕೇಳಬೇಕು. ನಾಟಕಕ್ಕೆ ಬೇಕಾದ ಭೂಗೋಳ ಬಾಗಿಲ ಹೊರಗೆ ನಿಜವಾಗಿಯೇ ಇತ್ತು.

ಈ ಜಾಗದಿಂದ ದೊರೆತ ಲಾಭ ರಂಗಸಜ್ಜಿಕೆಯ ಉಳಿತಾಯ ಮಾತ್ರ ಆಗಿರಲಿಲ್ಲ. ಸಂಗೀತ ನಾಟಕಕ್ಕೆ ಒಂದು ಹಳೆಯ ತಲೆನೋವಿದೆ: ಈಗಷ್ಟೇ ಮಾತಾಡುತ್ತಿದ್ದ ಮನುಷ್ಯ ಇದ್ದಕ್ಕಿದ್ದಂತೆ ಹಾಡತೊಡಗಿದ್ದೇಕೆ? ರಾಕ್ ಸಂಗೀತದಲ್ಲಿ ಈ ತಲೆನೋವು ದುಪ್ಪಟ್ಟು, ಏಕೆಂದರೆ ಅಡಗಿಕೊಳ್ಳುವುದು ಗಿಟಾರಿಗೆ ಬಾರದು. ಹೆಡ್ವಿಗ್‌ನಲ್ಲಿ ಆ ಪ್ರಶ್ನೆಯೇ ಏಳುವುದಿಲ್ಲ. ನಡೆಯುತ್ತಿರುವುದು ಒಂದು ಕಛೇರಿ. ಹಾಡುಗಾರ್ತಿ ಹಾಡುತ್ತಾಳೆ, ನಡುವೆ ಮಾತಾಡುತ್ತಾಳೆ, ಮಾತು ದಾರಿ ತಪ್ಪಿ ಬದುಕಿನ ಕಥೆಯಾಗುತ್ತದೆ. ಕೈಯಲ್ಲಿ ಮೈಕು ಇರುವುದೂ ಸಹಜ. ಕೆನ್ನೆಗೆ ಅಂಟಿಸಿದ ಮೈಕಿನಲ್ಲಿ ಇದನ್ನು ಆಡಿ ನೋಡಿ, ಅರ್ಧ ನಾಟಕ ಸತ್ತುಹೋಗುತ್ತದೆ. ಮೈಕಿನ ಕಂಬ ಅವಳಿಗೆ ಊರುಗೋಲು, ಆಯುಧ, ಕೆಲವೊಮ್ಮೆ ಪ್ರಿಯಕರ.

ಟ್ರಾಸ್ಕ್ ಅವರ ‘ಚೀಟರ್’ ತಂಡವೇ ರಂಗದ ಮೇಲೆ ‘ಆಂಗ್ರಿ ಇಂಚ್’ ತಂಡವಾಗಿ ನಿಂತಿತು. ವಾದ್ಯಗಾರರು ಪಾತ್ರಗಳೂ ಹೌದು. ಯಕ್ಷಗಾನದ ಭಾಗವತರು ವೇಷಧಾರಿಯ ಮಾತಿಗೆ ಒಂದು ‘ಹೌದೇ?’ ಸೇರಿಸಿ ಪ್ರಸಂಗವನ್ನು ಮುಂದಕ್ಕೆ ನೂಕುವುದನ್ನು ಕಂಡವರಿಗೆ ಈ ಕ್ರಮ ಪರಕೀಯವೆನಿಸದು. ಎಲ್ಲರೂ ಕಣ್ಣೆದುರಿಗೇ ಇದ್ದಾರೆ, ಎಲ್ಲರಿಗೂ ಕಥೆ ಗೊತ್ತು, ಅವಳೇನು ಹೇಳಲು ಹಿಂಜರಿಯುತ್ತಿದ್ದಾಳೆ ಎಂಬುದೂ ಗೊತ್ತು.

ಶಬ್ದದ ಲೆಕ್ಕಾಚಾರದಲ್ಲಿ ಒಂದು ಜಾಣತನವಿದೆ. ಡ್ರಮ್ಸ್ ಜೋರಾದರೆ ಸಾಹಿತ್ಯ ಕೇಳಿಸದು. ಡ್ರಮ್ಸ್ ತಗ್ಗಿಸಿದರೆ ಅದು ರಾಕ್ ಆಗಿ ಉಳಿಯದು. ಇಲ್ಲಿ ಕಥೆಯ ಎಲುಬುಗಳನ್ನು ಹಾಡಿನ ನಡುವಿನ ಮಾತಿಗೆ ಬಿಟ್ಟಿದ್ದಾರೆ. ಊರು, ಮದುವೆ, ಪಾಸ್‌ಪೋರ್ಟ್ ಎಲ್ಲ ಮಾತಿನಲ್ಲಿ. ಹಾಡಿಗೆ ಉಳಿಯುವುದು ಕಿರುಚಾಟ, ಹಂಬಲ, ಚೇಷ್ಟೆ. ಪದ ಪದವೂ ಕೇಳಲೇಬೇಕಾದ ಹಾಡು ಬಂದಾಗ ವಾದ್ಯಗಳು ತಾವಾಗಿ ಬಗ್ಗುತ್ತವೆ. ‘ದಿ ಆರಿಜಿನ್ ಆಫ್ ಲವ್’ ಅಂಥ ಹಾಡು. ಪ್ಲೇಟೋವಿನ ‘ಸಿಂಪೋಸಿಯಂ’ನಲ್ಲಿ ಅರಿಸ್ಟೋಫೇನಿಸ್ ಹೇಳುವ ಕಥೆ ಅದರ ತಿರುಳು: ಮನುಷ್ಯರಿಗೆ ಒಂದು ಕಾಲಕ್ಕೆ ಎರಡು ಮುಖ, ನಾಲ್ಕು ಕೈ, ನಾಲ್ಕು ಕಾಲು ಇದ್ದವು, ದೇವತೆಗಳು ಹೆದರಿ ಸೀಳಿದರು, ಅಂದಿನಿಂದ ಪ್ರತಿಯೊಬ್ಬರೂ ತಮ್ಮ ಅರ್ಧವನ್ನು ಹುಡುಕುತ್ತಿದ್ದಾರೆ. ಎರಡು ಸಾವಿರ ವರ್ಷಕ್ಕೂ ಹಳೆಯ ಕಥೆಯನ್ನು ಗಿಟಾರಿನ ಮೇಲೆ ಏರಿಸಿ, ಪದ ಕೆಡದಂತೆ ಕೊನೆಯ ಸಾಲಿನವರೆಗೆ ಮುಟ್ಟಿಸುವುದು ತಮಾಷೆಯಲ್ಲ.

ಕೂದಲು, ಬೆವರು, ಟೊಮೇಟೊ

ಮೈಕ್ ಪಾಟರ್ ಕಟ್ಟಿದ ವಿಗ್ಗುಗಳಲ್ಲಿ ಎಲ್ಲರಿಗೂ ನೆನಪಿರುವುದು ಆ ಹೊಂಬಣ್ಣದ್ದು. ಮುಖದ ಎರಡೂ ಬದಿಗೆ ರೆಕ್ಕೆಯಂತೆ ಹೊರಳಿದ ಸುರುಳಿಗಳು. ಕಡ್ಡಿಗೀರಿನಲ್ಲಿ ಬರೆದರೂ ಗುರುತು ಸಿಗುವಷ್ಟು ಖಚಿತವಾದ ಆಕಾರ. ಆದರೆ ಅದನ್ನು ತಲೆಯ ಮೇಲೆ ಉಳಿಸುವ ಕಷ್ಟ ಬೇರೆ. ಸುಮಾರು ಒಂದೂವರೆ ಗಂಟೆಯ ನಾಟಕ, ವಿರಾಮವಿಲ್ಲ, ನಾಯಕಿ ರಂಗದಿಂದ ಆಚೆ ಹೋಗುವುದೇ ಅಪರೂಪ. ಕುಣಿತವಿದೆ, ತಲೆ ಕೊಡವುವುದಿದೆ, ಪ್ರೇಕ್ಷಕರ ಕುರ್ಚಿಯ ಕೈಗಳ ಮೇಲೆ ನಿಲ್ಲುವುದಿದೆ. ಬೆವರು ಹರಿದಾಗ ಅಂಟು ಬಿಡುತ್ತದೆ, ಪಿನ್ನು ಜಾರುತ್ತದೆ. ಬಿಗಿಯಾಗಿ ಕಟ್ಟಿದರೆ ತಲೆ ಸಿಡಿಯುತ್ತದೆ, ಸಡಿಲ ಬಿಟ್ಟರೆ ಮಾನ ಹೋಗುತ್ತದೆ. ರಾತ್ರಿಯಿಡೀ ಕೇದಗೆ ಮುಂದಲೆ ಹೊತ್ತು ಕುಣಿದವರನ್ನು ಕೇಳಿ, ಈ ಸಂಕಟಕ್ಕೆ ಭಾಷಾಂತರ ಬೇಡ.

ಮೇಲಾಗಿ ಇಲ್ಲಿ ವಿಗ್ಗು ಅಲಂಕಾರವಷ್ಟೇ ಆಗಿ ಉಳಿದಿಲ್ಲ, ಕಥೆ ಅದರ ಮೇಲೇ ನಿಂತಿದೆ. ಗಂಡ ಬಿಟ್ಟುಹೋದ ಮೇಲೆ ಟ್ರೇಲರಿನಲ್ಲಿ ಒಬ್ಬಳೇ ಕೂತು ಹೆಡ್ವಿಗ್ ವಿಗ್ಗಿನ ಪೆಟ್ಟಿಗೆ ತೆರೆಯುವ ಹಾಡಿದೆ. ಒಂದೊಂದು ಕೂದಲಿಗೂ ಒಂದೊಂದು ಹೆಣ್ಣು. ಏನೂ ಉಳಿಯದವಳು ತನ್ನನ್ನು ತಾನೇ ಕಟ್ಟಿಕೊಳ್ಳುವ ಆ ಹಾಡು ಮೆಲ್ಲಗೆ ಶುರುವಾಗಿ ಎಲ್ಲರೂ ದನಿಗೂಡಿಸುವ ಗದ್ದಲವಾಗುತ್ತದೆ. ಪ್ರೇಕ್ಷಕರು ಹಾಡುತ್ತಾರೆ. ಅಲ್ಲಿಗೆ ಅವರಿಗೂ ಒಂದು ಪಾತ್ರ ಸಿಕ್ಕಿತು.

ಕಟ್ಟಿದ್ದನ್ನು ಒಡೆಯುವ ಕ್ಷಣ ಬಂದಾಗ ಯಾವ ಯಂತ್ರವನ್ನೂ ಬಳಸುವುದಿಲ್ಲ. ಸಂಗೀತ ಹುಚ್ಚೆದ್ದು ಬೆಳಕು ಚೂರಾಗುತ್ತಿರುವಾಗ ಹೆಡ್ವಿಗ್ ವಿಗ್ಗು ಕಿತ್ತೆಸೆಯುತ್ತಾಳೆ, ಉಡುಗೆ ಹರಿದುಕೊಳ್ಳುತ್ತಾಳೆ. ಎದೆಗೆ ತುಂಬಿಕೊಂಡಿದ್ದದ್ದು ಟೊಮೇಟೊ ಹಣ್ಣುಗಳು. ಅವನ್ನು ತೆಗೆದು ಬರಿ ಎದೆಯ ಮೇಲೇ ಹಿಚುಕುತ್ತಾಳೆ. ಸಿನಿಮಾದ ರಕ್ತಕ್ಕಿಂತ ಈ ಟೊಮೇಟೊ ರಸ ಹೆಚ್ಚು ನಡುಗಿಸುತ್ತದೆ, ಹಣ್ಣೆಂದು ಕಣ್ಣಿಗೆ ಕಾಣುತ್ತಿದ್ದರೂ. ಆ ಕ್ಷಣ ಕಳೆದಾಗ ಎದುರಿಗೆ ನಿಂತಿರುವವನು ಹಣೆಯ ಮೇಲೆ ಬೆಳ್ಳಿಬಣ್ಣದ ಶಿಲುಬೆ ಇರುವ ಟಾಮಿ. ನಟ ಅವನೇ. ಹೆಡ್ವಿಗ್, ಟಾಮಿ ಎರಡೂ ಪಾತ್ರ ಒಬ್ಬರದೇ. ಅಷ್ಟು ಹೊತ್ತು ಬಾಗಿಲಾಚೆ ಇದ್ದ ದನಿ ಈಗ ಬಾಗಿಲೊಳಗೆ ಬಂದಿದೆ. ಹುಡುಕುತ್ತಿದ್ದ ಅರ್ಧ ಎಲ್ಲಿತ್ತು ಎಂದು ಯಾರೂ ಬಾಯಿ ಬಿಟ್ಟು ಹೇಳಬೇಕಾಗಿಲ್ಲ.

ನಟ ಬದಲಾದಾಗ

ಜೇನ್ ಸ್ಟ್ರೀಟ್‌ನಲ್ಲಿ ನಾಟಕ 2000ದ ಏಪ್ರಿಲ್ 9ರವರೆಗೆ ಓಡಿತು, 857 ಪ್ರಯೋಗ. ಬ್ರಾಡ್ವೇ ಹೊರಗಿನ ನಾಟಕಗಳಿಗೆ ಕೊಡುವ ಓಬಿ ಪ್ರಶಸ್ತಿ ಬಂತು. ಬರೆದವನೇ ಆಡುವ ನಾಟಕಗಳಿಗೆ ಒಂದು ಗಂಡಾಂತರ ಕಾದಿರುತ್ತದೆ: ಅವನು ಇಳಿದ ದಿನ ನಾಟಕವೂ ಇಳಿಯುತ್ತದೆ. ಇಲ್ಲಿ ಹಾಗಾಗಲಿಲ್ಲ. ಮಿಚೆಲ್ ಜಾಗಕ್ಕೆ ನಟ ಮೈಕೆಲ್ ಸೆರ್ವೆರಿಸ್ ಬಂದರು. 1999ರಲ್ಲಿ ಲಾಸ್ ಏಂಜಲೀಸ್‌ನಲ್ಲೂ ಅವರೇ ಆಡಿದರು. ಆ ಪ್ರಯೋಗದ ಸಹ ನಿರ್ಮಾಪಕರಲ್ಲಿ ರಾಕ್ ಗಾಯಕ ಡೇವಿಡ್ ಬೋವಿ ಒಬ್ಬರು. ಗಂಡು ಹೆಣ್ಣಿನ ಗೆರೆಯನ್ನು ರಾಕ್ ರಂಗದಲ್ಲಿ ಅಳಿಸಿದ ಹಿರಿಯರೇ ಬಂದು ಹಣ ಹೂಡಿದರೆಂದರೆ ಅದಕ್ಕಿಂತ ದೊಡ್ಡ ಮುದ್ರೆ ಬೇರೇನು ಬೇಕು? ಜೇನ್ ಸ್ಟ್ರೀಟ್‌ನಲ್ಲೇ ಆಲಿ ಶೀಡಿ ಎಂಬ ನಟಿಯೂ ಹೆಡ್ವಿಗ್ ಆದರು. ದಕ್ಷಿಣ ಕೊರಿಯದ ಸೋಲ್‌ನಲ್ಲಿ 2005ರಿಂದ ಕೊರಿಯನ್ ಭಾಷೆಯಲ್ಲಿ ಮತ್ತೆ ಮತ್ತೆ ರಂಗಕ್ಕೆ ಬರುತ್ತಿದೆ. ನಡುವೆ ಗೆರೆ ಎಳೆದುಕೊಂಡ ಇನ್ನೊಂದು ದೇಶಕ್ಕೆ ಬರ್ಲಿನ್ ಗೋಡೆಯ ಮಾತು ಬೇಗ ತಾಗಿರಬಹುದೆಂಬುದು ನನ್ನ ಊಹೆ.

2001ರಲ್ಲಿ ಮಿಚೆಲ್ ತಾವೇ ನಿರ್ದೇಶಿಸಿ ನಟಿಸಿದ ಚಲನಚಿತ್ರ ಬಂತು. ಸನ್‌ಡ್ಯಾನ್ಸ್ ಚಿತ್ರೋತ್ಸವದಲ್ಲಿ ನಿರ್ದೇಶನದ ಪ್ರಶಸ್ತಿ, ಪ್ರೇಕ್ಷಕರ ಪ್ರಶಸ್ತಿ ಎರಡೂ ಸಿಕ್ಕವು. ಚಿತ್ರಮಂದಿರದಲ್ಲಿ ಮಾತ್ರ ಹಾಕಿದ ಹಣ ಮರಳಲಿಲ್ಲ. ಆದರೂ ನಾಟಕ ಕಾಣದ ಊರುಗಳಿಗೆ ಹೆಡ್ವಿಗ್ ಮುಟ್ಟಿದ್ದು ಈ ಚಿತ್ರದಿಂದಲೇ.

ನಿಜವಾದ ಪರೀಕ್ಷೆ ಎದುರಾದದ್ದು 2014ರಲ್ಲಿ, ಬ್ರಾಡ್ವೇಯ ಬೆಲಾಸ್ಕೋ ಥಿಯೇಟರಿನಲ್ಲಿ. 1907ರಲ್ಲಿ ಕಟ್ಟಿದ ಸುಮಾರು ಸಾವಿರ ಆಸನಗಳ ವೈಭವದ ರಂಗಮಂದಿರ. ನಾಯಕ ನೀಲ್ ಪ್ಯಾಟ್ರಿಕ್ ಹ್ಯಾರಿಸ್. ಒಂಬತ್ತು ವರ್ಷ ಮನೆಮನೆಯ ಟಿವಿಯಲ್ಲಿ ಕಾಣಿಸಿಕೊಂಡ ಮುಖ. ಟಿಕೆಟ್ ಖರ್ಚಾಗುವ ಬಗ್ಗೆ ಚಿಂತೆಯಿರಲಿಲ್ಲ. ಚಿಂತೆ ಇದ್ದದ್ದು ಬೇರೆ ಕಡೆ. ಸೋತ ಹಾಡುಗಾರ್ತಿ ಇಷ್ಟು ದೊಡ್ಡ ರಂಗಮಂದಿರಕ್ಕೆ ಬಂದದ್ದು ಹೇಗೆ? ತಾರೆ ನಟ, ಭರ್ತಿ ಪ್ರೇಕ್ಷಕರು, ಬೆಳಕಿನ ಮಳೆ. ಹೀಗಿರುವಾಗ ಬಾಗಿಲಾಚೆ ಟಾಮಿಯ ಗದ್ದಲ ಕೇಳಿ ಅವಳು ಹೊಟ್ಟೆ ಉರಿದುಕೊಂಡರೆ ಯಾರು ನಂಬುತ್ತಾರೆ?

ಇದಕ್ಕೆ ಅವರು ಕಂಡುಕೊಂಡ ಉತ್ತರ ನನಗೆ ಇಡೀ ಪ್ರಕರಣದಲ್ಲಿ ಅತ್ಯಂತ ಇಷ್ಟವಾದ ಭಾಗ. ‘ದಿ ಹರ್ಟ್ ಲಾಕರ್’ ಎಂಬ ಯುದ್ಧದ ಸಿನಿಮಾವನ್ನು ಯಾರೋ ಸಂಗೀತ ನಾಟಕ ಮಾಡಿದರಂತೆ, ಅದು ಮಧ್ಯಂತರಕ್ಕೇ ಮುಚ್ಚಿಹೋಯಿತಂತೆ, ಸಜ್ಜಿಕೆ ಇನ್ನೂ ಬಿಚ್ಚಿಲ್ಲವಂತೆ, ಆ ಖಾಲಿ ರಾತ್ರಿಯನ್ನು ಹೆಡ್ವಿಗ್ ಯಾರನ್ನೋ ಪುಸಲಾಯಿಸಿ ಗಿಟ್ಟಿಸಿಕೊಂಡಳಂತೆ! ಸಜ್ಜಿಕೆ ವಿನ್ಯಾಸಕ ಜೂಲಿಯನ್ ಕ್ರೌಚ್ ರಂಗದ ಮೇಲೆ ಬಾಂಬಿಗೆ ಸಿಕ್ಕ ಬೀದಿಯನ್ನೂ ಹಾಳಾದ ಕಾರನ್ನೂ ನಿಲ್ಲಿಸಿದರು. ಆ ಇಲ್ಲದ ನಾಟಕದ ಕೈಪಿಡಿಗಳನ್ನೂ ಅಚ್ಚುಹಾಕಿ ಚೆಲ್ಲಿದ್ದರು. ಸಾವಿರ ಜನರ ರಂಗಮಂದಿರ ಒಂದು ಸುಳ್ಳಿನಿಂದ ಮತ್ತೆ ಸೊರಗಿದ ಹೋಟೆಲಿನ ಹಜಾರವಾಯಿತು. ಟಾಮಿ ಈ ಬಾರಿ ಟೈಮ್ಸ್ ಸ್ಕ್ವೇರ್‌ನಲ್ಲಿ ಹಾಡುತ್ತಿದ್ದ. ಬಾಗಿಲು ಅದೇ.

ನಿರ್ದೇಶಕ ಮೈಕೆಲ್ ಮೇಯರ್. ಆ ವರ್ಷ ಬ್ರಾಡ್ವೇ ರಂಗಭೂಮಿಯ ದೊಡ್ಡ ಗೌರವವಾದ ಟೋನಿ ಪ್ರಶಸ್ತಿ ನಾಲ್ಕು ಬಂದವು: ಪುನಃಪ್ರಯೋಗಕ್ಕೆ, ಹ್ಯಾರಿಸ್‌ಗೆ, ಇಟ್ಜಾಕ್ ಪಾತ್ರದ ಲೀನಾ ಹಾಲ್‌ಗೆ, ಕೆವಿನ್ ಆಡಮ್ಸ್ ಅವರ ಬೆಳಕಿಗೆ. ಹ್ಯಾರಿಸ್ ಇಳಿದ ಮೇಲೆ ಆಂಡ್ರ್ಯೂ ರನೆಲ್ಸ್, ಮೈಕೆಲ್ ಸಿ. ಹಾಲ್, ಡ್ಯಾರೆನ್ ಕ್ರಿಸ್, ಟೇ ಡಿಗ್ಸ್ ಆಡಿದರು. ನಡುವೆ, 2015ರಲ್ಲಿ, ಮಿಚೆಲ್ ಅವರೇ ಮರಳಿ ಬಂದರು, ವಯಸ್ಸು ಐವತ್ತು ದಾಟಿತ್ತು. ಮಂಡಿಗೆ ಪೆಟ್ಟಾಯಿತು, ಪಟ್ಟಿ ಕಟ್ಟಿಕೊಂಡು ಮತ್ತೆ ರಂಗಕ್ಕಿಳಿದರು. ತಾವೇ ಮೂವತ್ತರ ಹರೆಯದಲ್ಲಿ ಹಾಕಿಟ್ಟ ಕುಣಿತ ತಮ್ಮ ಮೇಲೇ ಸೇಡು ತೀರಿಸಿಕೊಂಡಂತಾಯಿತು ಎನ್ನಬೇಕು. ಆ ವರ್ಷ ಅವರಿಗೆ ವಿಶೇಷ ಟೋನಿ ಗೌರವ ಸಂದಿತು.

ಯಾರು ಆಡಬೇಕು ಎಂಬ ಜಗಳ

ಸಿಡ್ನಿಯಲ್ಲಿ ಎದ್ದ ಪ್ರಶ್ನೆಯನ್ನು ಬಿಟ್ಟು ಈ ಪ್ರಕರಣ ಬರೆಯುವುದು ಅಪ್ರಾಮಾಣಿಕ. 2021ರ ಜನವರಿಯ ಸಿಡ್ನಿ ಉತ್ಸವಕ್ಕೆಂದು ಒಂದು ಪ್ರಯೋಗ ಘೋಷಣೆಯಾಗಿತ್ತು. ಹೆಡ್ವಿಗ್ ಪಾತ್ರಕ್ಕೆ ಆರಿಸಿದ್ದು ಟ್ರಾನ್ಸ್ (ಹುಟ್ಟಿನಲ್ಲಿ ಗುರುತಿಸಿದ ಲಿಂಗಕ್ಕಿಂತ ಬೇರೆ ಲಿಂಗದವರೆಂದು ತಮ್ಮನ್ನು ಅರಿತವರು) ಅಲ್ಲದ ಪುರುಷ ನಟನನ್ನು. ಟ್ರಾನ್ಸ್ ಕಲಾವಿದರು ಬಹಿರಂಗ ಪತ್ರ ಬರೆದು ಆಕ್ಷೇಪಿಸಿದರು: ನಮ್ಮ ದೇಹದ ಕಥೆಯಂತಿರುವ ಪಾತ್ರವೂ ನಮಗೆ ಸಿಗದಿದ್ದರೆ ಇನ್ನು ಯಾವುದು ಸಿಕ್ಕೀತು ಎಂಬುದು ಅದರ ಸಾರ. ಉತ್ಸವದಲ್ಲಿ ಆ ಪ್ರಯೋಗ ನಡೆಯಲಿಲ್ಲ. ಮಿಚೆಲ್ ಮತ್ತು ಟ್ರಾಸ್ಕ್ ತಮ್ಮ ನಿಲುವು ಹೇಳಿದರು: ಈ ಪಾತ್ರವನ್ನು ಯಾರು ಬೇಕಾದರೂ ಆಡಬಹುದು.

ಪಠ್ಯ ಹಿಡಿದು ನೋಡಿದರೆ ಬರೆದವರ ಮಾತಿಗೆ ತೂಕವಿದೆ. ಹಾನ್ಸೆಲ್ ತಾನು ಹೆಣ್ಣೆಂದು ಒಳಗಿನಿಂದ ಅರಿತು ಆ ದಾರಿ ಹಿಡಿದವನಲ್ಲ. ಪ್ರಿಯಕರ, ಅಮ್ಮ, ಒಂದು ಗೋಡೆ ಸೇರಿ ಅವನನ್ನು ಕತ್ತಿಯ ಕೆಳಗೆ ನೂಕಿದರು. ತನ್ನ ನಿಜವನ್ನು ತಾನೇ ಕಂಡುಕೊಂಡ ಟ್ರಾನ್ಸ್ ವ್ಯಕ್ತಿಯ ಕಥೆಗೂ ಇದಕ್ಕೂ ದೂರವಿದೆ. ಆದರೆ ಪತ್ರ ಬರೆದವರು ಪಠ್ಯದ ಬಗ್ಗೆ ಮಾತ್ರ ಮಾತಾಡುತ್ತಿರಲಿಲ್ಲ, ಕೆಲಸದ ಬಗ್ಗೆ ಮಾತಾಡುತ್ತಿದ್ದರು. ವರ್ಷಕ್ಕೊಂದು ಅವಕಾಶವೂ ಸಿಗದವರ ಮುಂದೆ ‘ಪಾತ್ರ ಎಲ್ಲರದು’ ಎಂದರೆ ಅದು ಹಸಿದವರ ಎದುರು ಊಟದ ಶಾಸ್ತ್ರ ಓದಿದಂತೆ. 2025ರಲ್ಲಿ ಅಡಿಲೇಡ್ ಉತ್ಸವದಲ್ಲಿ ಷಾನ್ ಮೈಲಿ ಮೂರ್ ಹೆಡ್ವಿಗ್ ಆದಾಗ ಆಸ್ಟ್ರೇಲಿಯದಲ್ಲಿ ನಾಟಕ ಮತ್ತೆ ಎದ್ದಿತು. ಇಂದು ಈ ನಾಟಕ ಎತ್ತಿಕೊಳ್ಳುವ ತಂಡ ಪಾತ್ರ ಹಂಚುವ ಮೊದಲ ದಿನವೇ ಈ ಮಾತನ್ನು ಮೇಜಿನ ಮೇಲೆ ಇಡಬೇಕು. ಪೋಸ್ಟರ್ ಅಂಟಿಸಿದ ಮೇಲೆ ಅಲ್ಲ.

ಇಟ್ಜಾಕ್‌ನ ಕೆಲವು ನಿಮಿಷ

ಇಷ್ಟರಲ್ಲಿ ಒಬ್ಬನನ್ನು ನಾವೂ ಹೆಡ್ವಿಗ್‌ನಂತೆಯೇ ಕಡೆಗಣಿಸಿದ್ದೇವೆ. ರಂಗದ ಅಂಚಿನಲ್ಲಿ ಹಿನ್ನೆಲೆ ದನಿ ಕೊಡುತ್ತ, ನಾಯಕಿ ಕೇಳಿದಾಗ ವಿಗ್ಗು ತಂದುಕೊಡುತ್ತ, ಬೈಗುಳ ತಿನ್ನುತ್ತ ನಿಂತ ಇಟ್ಜಾಕ್, ಹೆಡ್ವಿಗ್‌ನ ಈಗಿನ ಗಂಡ. ಹಿಂದೆ ತಾನೇ ಡ್ರ್ಯಾಗ್ ಕಲಾವಿದನಾಗಿದ್ದವನು. ಇನ್ನೆಂದೂ ವಿಗ್ಗು ತೊಡಬಾರದು ಎಂಬ ಶರತ್ತಿನ ಮೇಲೆ ಹೆಡ್ವಿಗ್ ಅವನನ್ನು ಮದುವೆಯಾಗಿ ಕರೆತಂದಳು. ತನ್ನನ್ನು ಕತ್ತರಿಸಿದವರಿಂದ ಅವಳು ಕಲಿತದ್ದು ಅದನ್ನೇ. ಗಡ್ಡ ಮೆತ್ತಿಕೊಂಡ ಈ ಗಂಡಸಿನ ಪಾತ್ರವನ್ನು ನಟಿಯೇ ಆಡುವುದು ಸಂಪ್ರದಾಯ. ಜೇನ್ ಸ್ಟ್ರೀಟ್‌ನಲ್ಲಿ ಮಿರಿಯಂ ಶೋರ್ ಆಡಿದರು. ಲೀನಾ ಹಾಲ್ 2016ರ ಪ್ರವಾಸದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ, ಲಾಸ್ ಏಂಜಲೀಸ್‌ಗಳಲ್ಲಿ ಕೆಲವು ದಿನ ಇಟ್ಜಾಕ್, ಕೆಲವು ದಿನ ಹೆಡ್ವಿಗ್ ಆಗಿ ಎರಡೂ ವೇಷ ಕಟ್ಟಿದರು.

ಕೊನೆಯ ಹಾಡು ಶುರುವಾಗುತ್ತದೆ. ಬರಿಮೈಯಲ್ಲಿ, ಬರಿದಲೆಯಲ್ಲಿ ನಿಂತ ಹೆಡ್ವಿಗ್ ಬಳಿಗೆ ಇಟ್ಜಾಕ್ ಅಭ್ಯಾಸಬಲದಿಂದ ವಿಗ್ಗು ಹಿಡಿದು ಬರುತ್ತಾನೆ, ತೊಡಿಸಲು ಕೈಯೆತ್ತುತ್ತಾನೆ. ಹೆಡ್ವಿಗ್ ತಡೆಯುತ್ತಾಳೆ. ನೀನೇ ತೊಡು ಎಂದು ಸನ್ನೆ ಮಾಡುತ್ತಾಳೆ. ಇಟ್ಜಾಕ್ ಆ ಕೂದಲನ್ನು ಎದೆಗವಚಿಕೊಂಡು ಮರೆಯಾಗುತ್ತಾನೆ.

ನಿರ್ದೇಶಕನ ಕೈಯಲ್ಲಿ ಈಗ ಉಳಿದಿರುವುದು ಒಂದು ಹಾಡಿನಷ್ಟು ಹೊತ್ತು. ನೇಪಥ್ಯದಲ್ಲಿ ಗಡ್ಡ ಕೀಳಬೇಕು, ಅಂಟಿನ ಕಲೆ ಒರೆಸಬೇಕು, ತಲೆಗೆ ಕಟ್ಟಿದ ಬಟ್ಟೆ ಬಿಚ್ಚಬೇಕು, ಕಣ್ಣಿಗೆ ಬಣ್ಣ, ತುಟಿಗೆ ಕೆಂಪು, ಮಿನುಗುವ ಉಡುಗೆ, ಎತ್ತರದ ಹಿಮ್ಮಡಿ, ಕಡೆಗೆ ಆ ವಿಗ್ಗು. ಕತ್ತಲಲ್ಲಿ ಟಾರ್ಚು ಬಾಯಲ್ಲಿ ಕಚ್ಚಿಕೊಂಡ ಪ್ರಸಾಧನದವರು ಮಾತಾಡದೆ ಕೆಲಸ ಮಾಡುವ ಹೊತ್ತು ಅದು. ಹೊರಗೆ ಹಾಡು ಏರುತ್ತಿದೆ, ಪ್ರೇಕ್ಷಕರು ಕೈ ಮೇಲೆತ್ತಿದ್ದಾರೆ. ಆ ಬೆಳಕಿನೊಳಗೆ ಇಟ್ಜಾಕ್ ಕಾಲಿಟ್ಟಾಗ ಮೊದಲ ಸಾಲಿನವರಿಗೂ ಒಂದು ಕ್ಷಣ ಗುರುತು ಸಿಗುವುದಿಲ್ಲ.